ಮಕ್ಕಳು ಹೊರದೇಶದಲ್ಲಿ, ತೋಟ ಮೂಡಿಗೆರೆಯಲ್ಲಿ: ಎರಡು ಕಡೆ ಹಂಚಿಹೋದ ಮನೆ ನಡೆಸುವ ಬಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಈಗ ಇಂಥ ಮನೆಗಳು ಊರೂರಲ್ಲೂ ಇವೆ. ತೋಟದ ನಡುವೆ ದೊಡ್ಡ ಹೆಂಚಿನ ಮನೆ, ಅದರಲ್ಲಿ ವಯಸ್ಸಾದವರು ಇಬ್ಬರೇ. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಮೆಲ್ಬರ್ನ್‌ನಲ್ಲಿ. ಹಾಸನ, ಅರಸೀಕೆರೆ, ಕಡೂರಿನ ಬಯಲು ಸೀಮೆಯಲ್ಲೂ ಇದೇ ಕಥೆ, ಕಾಫಿಯ ಬದಲು ತೆಂಗು ಅಷ್ಟೆ. ಇಂಥ ಮನೆಗಳಲ್ಲಿ ದುಡ್ಡಿನ ಕೊರತೆ ಕಡಿಮೆ. ಯಾವ ಕೆಲಸ ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳದಿರುವುದರಿಂದಲೇ ಹೆಚ್ಚಿನ ತೊಂದರೆ ಶುರುವಾಗುತ್ತದೆ.

ಈ ಬರಹದಲ್ಲಿ ಇರಾನಿ ಕುಟುಂಬಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. 1979ರ ಕ್ರಾಂತಿ, ಆಮೇಲೆ 1980ರಿಂದ 88ರವರೆಗಿನ ಇರಾಕ್ ಯುದ್ಧ, ಇವುಗಳಿಂದಾಗಿ ಇರಾನಿನ ಮನೆಮನೆಗಳು ಲಾಸ್ ಏಂಜಲೀಸ್, ಟೊರಾಂಟೊ, ಲಂಡನ್, ಹ್ಯಾಂಬರ್ಗ್, ಸ್ಟಾಕ್‌ಹೋಮ್ ಎಂದು ಒಡೆದು ಹಂಚಿಹೋದವು. ಲಾಸ್ ಏಂಜಲೀಸಿನ ವೆಸ್ಟ್‌ವುಡ್ ಭಾಗಕ್ಕೆ ‘ತೆಹ್ರಾಂಜಲೀಸ್’ ಎಂಬ ಅಡ್ಡಹೆಸರೇ ಇದೆ. 1980ರಲ್ಲಿ ಅಮೆರಿಕ ಇರಾನಿನ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಅಂದಿನಿಂದ ತೆಹ್ರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಲ್ಲ. ಮಗನನ್ನು ನೋಡಲು ವೀಸಾ ಬೇಕಾದ ತಾಯಿ ಅಂಕಾರಾ, ಯೆರೆವಾನ್, ಅಬುಧಾಬಿಯಂಥ ಬೇರೆ ದೇಶದ ಊರಿಗೆ ಹೋಗಿ ಸಂದರ್ಶನ ಕೊಡಬೇಕಾಗುತ್ತಿತ್ತು. 2017ರ ಜನವರಿಯಲ್ಲಿ ಒಮ್ಮೆ, 2025ರ ಜೂನ್‌ನಲ್ಲಿ ಮತ್ತೊಮ್ಮೆ ಆ ದಾರಿಗೂ ನಿರ್ಬಂಧ ಬಿತ್ತು. ನಾವು ಚೆನ್ನೈವರೆಗೆ ರೈಲಿನಲ್ಲಿ ಹೋಗಿ ಸಂದರ್ಶನ ಮುಗಿಸಿ ಬರುತ್ತೇವೆ. ನಮಗೆ ಅವರಷ್ಟು ಕಷ್ಟವಿಲ್ಲ. ಆದರೆ ಸಂಸಾರ ದೇಶಾಂತರವಾದಾಗ ಎಲ್ಲೆಲ್ಲಿ ಬಿರುಕು ಬಿಡುತ್ತದೆ ಎನ್ನುವುದು ಅವರ ನಾಲ್ಕೂವರೆ ದಶಕದ ಬಾಳಿನಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಮೊದಲು ಒಂದು ಹಾಳೆ

ಮಕ್ಕಳು ಊರಿಗೆ ಬಂದಾಗ, ಎಲ್ಲರೂ ಒಟ್ಟಿಗೆ ಕೂತಿರುವಾಗಲೇ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಕೆಲಸ ಬರೆಯಿರಿ, ಬಲಗಡೆ ಒಬ್ಬರದೇ ಹೆಸರು. ಎರಡು ಹೆಸರು ಬರೆದ ಕೆಲಸವನ್ನು ಕೊನೆಗೆ ಇಬ್ಬರೂ ಮಾಡುವುದಿಲ್ಲ. ಔಷಧ ತರಿಸುವುದು, ಕರೆಂಟ್ ಬಿಲ್, ಕಂದಾಯ, ಪಂಚಾಯಿತಿ ತೆರಿಗೆ, ಆರೋಗ್ಯ ವಿಮೆಯ ಕಂತು, ಮೊಬೈಲ್ ರೀಚಾರ್ಜ್, ಪಿಂಚಣಿ ಬರುವವರಾದರೆ ನವೆಂಬರ್ ತಿಂಗಳ ಜೀವನ ಪ್ರಮಾಣ ಪತ್ರ, ಹೀಗೆ ಎಲ್ಲವನ್ನೂ ಬರೆಯಿರಿ. ಕೂತಲ್ಲಿಂದ ಫೋನಿನಲ್ಲಿ ಆಗುವ ಕೆಲಸವೆಲ್ಲ ಹೊರದೇಶದಲ್ಲಿರುವವರಿಗೆ ಹೋಗಲಿ. ಕಾಲು ಸವೆಸುವ ಕೆಲಸ, ಅಂದರೆ ಆಸ್ಪತ್ರೆ, ನಾಡಕಚೇರಿ, ಆಳುಗಳ ಬಟವಾಡೆ, ಹತ್ತಿರದವರ ಪಾಲಿಗೆ ಬರುತ್ತದೆ.

ಬಿರುಕು ಮೊದಲು ಕಾಣುವುದು ಇಲ್ಲಿಯೇ. ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವ ಒಬ್ಬ ಮಗಳ ಮೇಲೆ ಮೈಮುರಿಯುವ ಕೆಲಸವೆಲ್ಲ ಬೀಳುತ್ತದೆ. ಹೊರದೇಶದಲ್ಲಿರುವ ಅಣ್ಣ “ದುಡ್ಡು ಕಳಿಸಿದ್ದೀನಲ್ಲ” ಎನ್ನುತ್ತಾನೆ. ಆ ಒಂದು ಮಾತು ಹತ್ತು ವರ್ಷ ಮನಸ್ಸಿನಲ್ಲಿ ಉಳಿಯುತ್ತದೆ. ಶಿರಾಜಿನಲ್ಲಿ ಅಮ್ಮನ ಜೊತೆ ಉಳಿದ ತಂಗಿಗೂ ಟೊರಾಂಟೊದಲ್ಲಿರುವ ಅಣ್ಣನಿಗೂ ನಡುವೆ ಬರುವ ಮನಸ್ತಾಪ ಇದಕ್ಕಿಂತ ಬೇರೆಯಲ್ಲ. ಇದಕ್ಕೆ ನಮಗೆ ಗೊತ್ತಿರುವ ಮದ್ದು ಒಂದೇ: ವರ್ಷಕ್ಕೊಮ್ಮೆ ಎರಡು ಮೂರು ವಾರ ಹೊರದೇಶದವರು ಬಂದು ಪೂರ್ತಿ ಜವಾಬ್ದಾರಿ ಹೊರಬೇಕು, ಹತ್ತಿರದವರು ಆಗ ಬೇರೆ ಊರಿಗೆ ಹೋಗಿ ಇರಬೇಕು. ಮದುವೆಗೆಂದು ಬಂದು ನಾಲ್ಕು ದಿನ ನೆಂಟರ ಮನೆ ಸುತ್ತುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಬರುವ ತಿಂಗಳನ್ನೂ ಯೋಚಿಸಿ. ಅಮೆರಿಕದ ರಜೆ ಸಿಗುವುದು ಡಿಸೆಂಬರ್ ಕೊನೆಗೆ. ಅರೇಬಿಕಾ ಕೊಯ್ಲು ನಡೆಯುವುದೂ ನವೆಂಬರಿಂದ ಜನವರಿಯವರೆಗೆ. ಆ ಹೊತ್ತಿಗೆ ಅಪ್ಪ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಣ, ಆಳುಗಳ ಹಿಂದೆ ಓಡಾಡುತ್ತಿರುತ್ತಾರೆ. ಮಾತಾಡಲು ಸಿಗಲಿಲ್ಲ ಎಂದು ಬೇಸರಪಟ್ಟುಕೊಂಡು ವಾಪಸು ಹೋಗುವವರು ಬಹಳ. ಡಿಸೆಂಬರಿನಲ್ಲೇ ಬರುವುದಾದರೆ ಕಣದಲ್ಲಿ ಕಾಫಿ ಹರವಲು, ಮೂಟೆ ಲೆಕ್ಕ ಬರೆಯಲು ನಿಂತುಬಿಡಿ. ಮಾತು ಅಲ್ಲೇ ಆಗುತ್ತದೆ. ಆಸ್ಪತ್ರೆ, ಕಚೇರಿ ಕೆಲಸಗಳಿಗೆಂದು ಬರುವುದಾದರೆ ರೊಬಸ್ಟಾ ಕೊಯ್ಲೂ ಮುಗಿದ ಏಪ್ರಿಲ್ ವಾಸಿ.

ಮಳೆಗಾಲದ ಮೂರು ತಿಂಗಳು

ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಮರ ಬಿದ್ದು ತಂತಿ ಹರಿಯುತ್ತದೆ. ಚಿಕ್ಕಮಗಳೂರು ಮೆಸ್ಕಾಂಗೆ, ಹಾಸನ ಚೆಸ್ಕಾಂಗೆ ಸೇರಿದರೂ ಕತ್ತಲೆ ಎರಡು ಕಡೆಯೂ ಒಂದೇ. ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅತ್ತ ಸ್ಯಾನ್ ಹೋಸೆಯಲ್ಲಿ ಕೂತವರಿಗೆ ಫೋನ್ ಸಿಗದಿದ್ದರೆ ಜೀವ ಹಾರಿಹೋಗುತ್ತದೆ.

ಫೈಬರ್ ಸಂಪರ್ಕವಿದ್ದರೆ ರೌಟರ್‌ಗೆ ಸಣ್ಣ ಯುಪಿಎಸ್ ಹಾಕಿಸಿ. ಹೆಚ್ಚಿನ ರೌಟರ್‌ಗಳು 12 ವೋಲ್ಟಿನವು, ಆದರೂ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಯೇ ಕೊಳ್ಳಿ. 9 ವೋಲ್ಟಿನದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಮನೆಯಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಮಾತಾಡಿಕೊಳ್ಳಿ: ಪೂರ್ತಿ ಒಂದು ದಿನ ಫೋನ್ ಸಿಗದಿದ್ದರೆ ಯಾರು ಹೋಗಿ ನೋಡಬೇಕು? ಆ ಮನೆಯ ನಂಬರು ಮಕ್ಕಳ ಹತ್ತಿರ ಇರಬೇಕು. ಒಂದು ಬೀಗದ ಕೈ ಆ ಮನೆಯಲ್ಲಿರಬೇಕು. ಚಾರ್ಮಾಡಿ, ಶಿರಾಡಿ ಘಾಟಿಗಳು ಗುಡ್ಡ ಕುಸಿದು ಮುಚ್ಚುವುದುಂಟು. ಆದ್ದರಿಂದ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡವರು ಮಳೆಗಾಲಕ್ಕೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಬ್ಬ ವೈದ್ಯರನ್ನು ನೋಡಿಟ್ಟುಕೊಂಡು, ಹಳೆಯ ರಿಪೋರ್ಟುಗಳ ಒಂದು ಪ್ರತಿಯನ್ನು ಅವರಿಗೆ ತೋರಿಸಿರಬೇಕು. ಔಷಧ ಮೇ ತಿಂಗಳಲ್ಲೇ ಒಂದು ತಿಂಗಳಿಗೆ ಹೆಚ್ಚು ತಂದಿಡಿ.

ಫೋನಿಗೆ ಒಂದು ಹೊತ್ತು

ಇರಾನಿಗಳ ಹೊಸವರ್ಷ ನೌರೂಝ್. ಸೂರ್ಯ ವಿಷುವದ ಬಿಂದುವಿಗೆ ಬರುವ ಕ್ಷಣವೇ ಅವರಿಗೆ ವರ್ಷ ಹುಟ್ಟುವ ಕ್ಷಣ. ಅದಕ್ಕೆ ತಹ್ವೀಲ್-ಎ-ಸಾಲ್ ಎನ್ನುತ್ತಾರೆ. ಆ ಕ್ಷಣ ಭೂಮಿಯ ಮೇಲೆಲ್ಲ ಒಂದೇ. 2025ರ ಮಾರ್ಚ್ 20ರಂದು ಅದು ತೆಹ್ರಾನಿನಲ್ಲಿ ಮಧ್ಯಾಹ್ನ 12 ಗಂಟೆ 31 ನಿಮಿಷಕ್ಕೆ ಬಂತು. ಲಂಡನ್ನಿನಲ್ಲಿ ಬೆಳಿಗ್ಗೆ 9 ಗಂಟೆ 1 ನಿಮಿಷ, ಟೊರಾಂಟೊದಲ್ಲಿ ನಸುಕಿನ 5 ಗಂಟೆ 1 ನಿಮಿಷ, ಲಾಸ್ ಏಂಜಲೀಸಿನಲ್ಲಿ ನಡುರಾತ್ರಿ ಕಳೆದು 2 ಗಂಟೆ 1 ನಿಮಿಷ. ಅಲ್ಲಿನ ಮಕ್ಕಳು ಕಣ್ಣುಜ್ಜಿಕೊಂಡು ಎದ್ದು ಕೂರುತ್ತಾರೆ. ಹಂಚಿಹೋದ ಕುಟುಂಬಕ್ಕೆ ಇಂಥದೊಂದು ಕ್ಷಣ ಇರುವುದು ದೊಡ್ಡ ಬಲ. ನಮ್ಮ ಯುಗಾದಿ ಅವರವರ ಊರಿನ ಬೆಳಗಿಗೆ ಬರುವುದರಿಂದ “ನಿಮಗೆ ಆಯ್ತಾ, ನಮಗಿನ್ನೂ ರಾತ್ರಿ” ಎನ್ನುವುದರಲ್ಲೇ ಹಬ್ಬ ಕಳೆಯುತ್ತದೆ. ನೀವೂ ಬೇವುಬೆಲ್ಲಕ್ಕೆ ಒಂದು ಹೊತ್ತು ಗೊತ್ತುಮಾಡಿ, ಎಲ್ಲ ಊರಿನವರೂ ಆಗಲೇ ಬಾಯಿಗೆ ಹಾಕಿಕೊಳ್ಳಿ.

ವಾರದ ಕರೆಗೂ ಹೊತ್ತು ಗೊತ್ತಿರಬೇಕು. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ನಮ್ಮ ಭಾನುವಾರ ಬೆಳಿಗ್ಗೆ 7.30 ಎಂದರೆ ಅವರಿಗೆ ಶನಿವಾರ ಸಂಜೆ 7 ಅಥವಾ 6. ನ್ಯೂಯಾರ್ಕ್, ಟೊರಾಂಟೊದವರಿಗೆ ನಮ್ಮ ಭಾನುವಾರ ರಾತ್ರಿ 8 ಸರಿ, ಅವರಿಗಾಗ ಬೆಳಿಗ್ಗೆ ಹತ್ತೂವರೆ ಅಥವಾ ಒಂಬತ್ತೂವರೆ. ಲಂಡನ್ನಿಗೆ ನಮ್ಮ ಸಂಜೆ 4, ಮೆಲ್ಬರ್ನ್‌ಗೆ ನಮ್ಮ ಮಧ್ಯಾಹ್ನ 12.30. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಆ ವಾರ ಅಮ್ಮ ಒಂದು ಗಂಟೆ ಫೋನ್ ಹಿಡಿದು ಕಾಯುತ್ತಾರೆ. ಕ್ಯಾಲೆಂಡರಿನಲ್ಲಿ ಆ ಎರಡು ದಿನಕ್ಕೆ ಗುರುತು ಹಾಕಿಡಿ.

ಮೊಮ್ಮಗುವಿನ ಜೊತೆ ವಿಡಿಯೊ ಕರೆ ಹೆಚ್ಚಾಗಿ ಎರಡೇ ನಿಮಿಷಕ್ಕೆ ಸೋಲುತ್ತದೆ. “ಹೇಗಿದ್ದೀಯ ಪುಟ್ಟಿ, ಏನು ತಿಂದೆ” ಎಂದ ಮೇಲೆ ಅಜ್ಜಿಗೆ ಮಾತು ಮುಗಿಯಿತು, ಮಗು ಓಡಿತು. ಮುಖ ಮುಖ ನೋಡಿಕೊಂಡು ಮಾತಾಡುವುದು ಐದು ವರ್ಷದ ಮಗುವಿನ ಸ್ವಭಾವವೇ ಅಲ್ಲ. ಕೈಗೆ ಕೆಲಸ ಕೊಡಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಮುಖದ ಕಡೆಗಲ್ಲ, ಕೆಳಗೆ ಕೈ ಕಾಣುವ ಹಾಗೆ ಬಗ್ಗಿಸಿ. ಅಜ್ಜಿ ಇಲ್ಲಿ ಅಕ್ಕಿರೊಟ್ಟಿ ಮಾಡಲಿ, ಮಗು ಅಲ್ಲಿ ಮಾಡಲಿ. ಒಂದು ಕಪ್ ನೀರಿಗೆ ಉಪ್ಪು ಹಾಕಿ ಕುದಿಸಿ, ಒಂದು ಕಪ್ ಅಕ್ಕಿಹಿಟ್ಟು ಸುರಿದು, ಉರಿ ಆರಿಸಿ ಮುಚ್ಚಿಡಬೇಕು. ಈ ಭಾಗ ಅಲ್ಲಿನ ದೊಡ್ಡವರದು. ಐದು ನಿಮಿಷದ ನಂತರ ಕೈ ತಾಳುವಷ್ಟು ಬಿಸಿಯಿರುವಾಗ ನಾದಿ, ಉಂಡೆ ಮಾಡಿ ಮಗುವಿಗೆ ಕೊಟ್ಟರೆ ಮುಂದಿನದು ಅಜ್ಜಿ ಮೊಮ್ಮಗಳಿಗೆ ಬಿಟ್ಟದ್ದು. ಅಂಗಡಿಯ ಹಿಟ್ಟು ಹಳೆಯದಾಗಿ ಒಣಗಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ, ಆಗ ಇನ್ನೆರಡು ಚಮಚ ಬಿಸಿನೀರು ಬೇಕು. “ಅಂಚು ಒಡೀತಾ? ಕೈ ಒದ್ದೆ ಮಾಡ್ಕೊಂಡು ಸವರು, ಹಾಂ, ಹಾಗೆ” ಎನ್ನುವುದರಲ್ಲಿ ಅರ್ಧ ಗಂಟೆ ಕನ್ನಡ ತಾನಾಗಿ ಹರಿಯುತ್ತದೆ.

ನೌರೂಝ್‌ಗೆ ಎರಡು ವಾರ ಮೊದಲು ಇರಾನಿ ಮನೆಗಳಲ್ಲಿ ತಟ್ಟೆಯಲ್ಲಿ ಗೋಧಿಯನ್ನೋ ಮಸೂರವನ್ನೋ ಮೊಳಕೆ ಹಾಕಿ ಹಸಿರು ಬೆಳೆಸುತ್ತಾರೆ. ಅದಕ್ಕೆ ಸಬ್ಝೆ ಎಂದು ಹೆಸರು. ನಮ್ಮ ಮಕ್ಕಳಿಗೆ ಮೆಂತ್ಯ ಸುಲಭ. ಒಂದೇ ದಿನ ಇಲ್ಲೂ ಅಲ್ಲೂ ಬಿತ್ತಿ, ಯಾರದು ಎಷ್ಟು ಬೆರಳು ಎತ್ತರ ಬಂತು ಎಂದು ವಾರಪೂರ್ತಿ ತೋರಿಸಿಕೊಳ್ಳಬಹುದು.

ಸೋದರತ್ತೆಯೂ ‘ಆಂಟಿ’ ಆದಾಗ

ಭಾಷೆ ಹೋಗುವಾಗ ಮೊದಲು ಹೋಗುವುದು ಸಂಬಂಧದ ಹೆಸರು. ಇರಾನಿಗಳ ಪಾರ್ಸಿ ಭಾಷೆಯಲ್ಲಿ ಅಪ್ಪನ ತಮ್ಮ, ಅಣ್ಣ ‘ಅಮು’, ಅಪ್ಪನ ಅಕ್ಕ, ತಂಗಿ ‘ಅಮ್ಮೆ’, ಅಮ್ಮನ ಅಣ್ಣತಮ್ಮಂದಿರು ‘ದಾಯಿ’, ಅಮ್ಮನ ಅಕ್ಕತಂಗಿಯರು ‘ಖಾಲೆ’. ಅಮೆರಿಕದಲ್ಲಿ ಹುಟ್ಟಿದ ಮಗುವಿನ ಬಾಯಲ್ಲಿ ನಾಲ್ಕು ಹೋಗಿ ಎರಡಾಗುತ್ತವೆ, ಅಂಕಲ್ ಮತ್ತು ಆಂಟಿ. ನಮ್ಮದಂತೂ ಇನ್ನೂ ಹೆಚ್ಚು: ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ, ಸೋದರಮಾವ. ಇವು ಬರೀ ಹೆಸರಲ್ಲ. ಚಿಕ್ಕಮ್ಮನ ಮಗ ತಮ್ಮನಾಗುತ್ತಾನೆ, ಸೋದರಮಾವನ ಮಗ ಭಾವನೋ ಮೈದುನನೋ ಆಗುತ್ತಾನೆ. ಮದುವೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ಚೇಷ್ಟೆ ಮಾಡಬಹುದು ಎನ್ನುವುದೆಲ್ಲ ಅದರೊಳಗೇ ಇದೆ. ಹದಿನಾರು ವರ್ಷಕ್ಕೆ ಊರಿಗೆ ಬಂದ ಹುಡುಗ ಎಲ್ಲರನ್ನೂ ಆಂಟಿ ಎಂದಾಗ ಸೋದರತ್ತೆಯ ಮುಖ ಸಪ್ಪಗಾಗುತ್ತದೆ. ಹುಡುಗನಿಗೆ ಅದು ಯಾಕೆ ಎಂದು ತಿಳಿಯುವುದೂ ಇಲ್ಲ.

ಒಂದು ದೊಡ್ಡ ಹಾಳೆಯ ಮೇಲೆ ಫೋಟೊ ಅಂಟಿಸಿದ ವಂಶವೃಕ್ಷ ಮಾಡಿ. ನಡುವೆ ಮಗು, ಎಡಗಡೆ ಅಪ್ಪನ ಕಡೆಯವರು, ಬಲಗಡೆ ಅಮ್ಮನ ಕಡೆಯವರು. ಪ್ರತಿ ಫೋಟೊದ ಕೆಳಗೆ ಮಗು ಕರೆಯಬೇಕಾದ ಹೆಸರನ್ನೇ ಬರೆಯಿರಿ, ‘ಕಳಸದ ದೊಡ್ಡಪ್ಪ’, ‘ಬೇಲೂರು ಅತ್ತೆ’ ಎಂದು ಊರಿನ ಸಮೇತ. ಅಲ್ಲಿನ ಮನೆಯ ಫ್ರಿಜ್ ಮೇಲೆ ಅದು ಇರಲಿ. ಕರೆ ಬಂದಾಗ “ಯಾರು ನೋಡು” ಎಂದು ಹಾಳೆ ತೋರಿಸಿ. ಈ ಅಭ್ಯಾಸಕ್ಕೆ ಮೂರರಿಂದ ಏಳು ವರ್ಷದೊಳಗೆ ಹಿಡಿದರೆ ಸಲೀಸು. ಹತ್ತು ದಾಟಿದ ಮೇಲೆ ನಾಚಿಕೆ ಅಡ್ಡ ಬರುತ್ತದೆ.

ನೀನು, ನೀವು ವಿಚಾರದಲ್ಲಿ ಅಜ್ಜ ಅಜ್ಜಿಯರು ಬೇಗ ನೊಂದುಕೊಳ್ಳಬಾರದು. ಪಾರ್ಸಿಯಲ್ಲೂ ‘ತೊ’ ಮತ್ತು ‘ಶೊಮಾ’ ಎಂದು ಎರಡಿದೆ, ಅಲ್ಲಿನ ಮಕ್ಕಳೂ ಎಡವುತ್ತಾರೆ. ನಮ್ಮ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಎನ್ನುವುದು ರೂಢಿ. ಮಗು ಅಮ್ಮನ ಹತ್ತಿರ ಕಲಿತ ‘ನೀನು’ವನ್ನೇ ಅಜ್ಜನಿಗೂ ಬಳಸಿದರೆ ಅದು ಉದ್ಧಟತನವಲ್ಲ. ‘ಬನ್ನಿ, ಕೂತ್ಕೊಳ್ಳಿ, ತಿಂದ್ರಾ’ ಎಂಬ ಮೂರು ಮಾತು ಬಾಯಿಪಾಠವಾದರೆ ಉಳಿದದ್ದು ಹಿಂದೆಯೇ ಬರುತ್ತದೆ.

ತೋಟ, ಪಹಣಿ, ಅಧಿಕಾರ ಪತ್ರ

ಬೇರೆಲ್ಲ ತಪ್ಪನ್ನು ತಿದ್ದಬಹುದು, ಇಲ್ಲಿಯ ತಪ್ಪು ಒಂದು ತಲೆಮಾರು ಕಾಡುತ್ತದೆ. ಆದ್ದರಿಂದ ನಿಧಾನವಾಗಿ ಓದಿ.

ವಿದೇಶೀ ವಿನಿಮಯದ ಕಾನೂನು, ಅಂದರೆ ಫೆಮಾ ಪ್ರಕಾರ ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡುದಾರರು (ಬೇರೆ ದೇಶದ ಪೌರರಾದ ಭಾರತೀಯ ಮೂಲದವರು) ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ ಅನೇಕರು ಎನ್ನಾರೈಗಳಿಗೂ ಅದು ಸಡಿಲವಾಯಿತು ಎಂದುಕೊಂಡಿದ್ದಾರೆ. ಅದು ತಪ್ಪು, ಫೆಮಾ ಹಾಗೇ ಇದೆ. ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ನಡೆಯುತ್ತದೆ. ಅಪ್ಪ ಬದುಕಿರುವಾಗಲೇ ಕಾಫಿ ತೋಟವನ್ನು ಹೊರದೇಶದ ಮಗನ ಹೆಸರಿಗೆ ದಾನಪತ್ರ ಮಾಡಿಕೊಡಲು ಹೊರಡುತ್ತಾರೆ. ಮನೆ, ಸೈಟನ್ನು ಹಾಗೆ ಕೊಡಬಹುದು, ತೋಟವನ್ನು ಕೊಡುವಂತಿಲ್ಲ. ವಾರಸುದಾರಿಕೆಯಲ್ಲಿ ಬಂದರೆ ಮಾತ್ರ ತೋಟ ಅನಿವಾಸಿಗೆ ನಿಲ್ಲುತ್ತದೆ. ಹಾಗಾಗಿ ಇಂಥ ಮನೆಗಳಲ್ಲಿ ದಾರಿ ಉಯಿಲು. ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಡುವುದು ಒಳ್ಳೆಯದು. ಹೀಗೆ ಬಂದ ಜಮೀನನ್ನು ಮಗ ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು.

ಉಯಿಲು ಬರೆಯುವ ಮೊದಲು ಪಹಣಿ ತೆಗೆಸಿ ನೋಡಿ. ತಾತನ ಹೆಸರೇ ಇನ್ನೂ ಇರುವ ಪಹಣಿಗಳು ಎಷ್ಟೋ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳದೂ ಸಮಪಾಲು, ಎಲ್ಲವನ್ನೂ ಅಪ್ಪ ಒಬ್ಬರೇ ಉಯಿಲು ಬರೆಯಲಾಗದು. ಒಂದೇ ಸರ್ವೆ ನಂಬರಿನಲ್ಲಿ ದಾಯಾದಿಗಳ ಜಮೀನೂ ಸೇರಿದ್ದರೆ ಪೋಡಿ ಮಾಡಿಸಿ, ಅಂದರೆ ಅಳತೆ ಮಾಡಿಸಿ ನಿಮ್ಮ ಭಾಗವನ್ನು ಬೇರೆ ಮಾಡಿಸಿ. ಈ ಕೆಲಸಗಳಿಗೆ ಎಲ್ಲರ ಸಹಿ ಬೇಕಾಗುತ್ತದೆ, ಎಲ್ಲರೂ ಊರಿಗೆ ಬಂದ ಆ ಏಪ್ರಿಲ್ ವಾರವೇ ಅದಕ್ಕೆ ಹೊತ್ತು.

ಬರಲಾಗದವರು ಅಧಿಕಾರ ಪತ್ರ ಕಳಿಸುತ್ತಾರೆ. ಇರಾನಿಗಳು ಇದಕ್ಕೆ ‘ವೆಕಾಲತ್‌ನಾಮೆ’ ಎನ್ನುತ್ತಾರೆ. ನಮ್ಮ ಕೋರ್ಟಿನ ವಕಾಲತ್ತು ಅದೇ ಪದ. ಜಮೀನು, ದಸ್ತಾವೇಜು, ತಹಸೀಲ್ದಾರ್, ಗುಮಾಸ್ತ, ಇವೆಲ್ಲ ಪಾರ್ಸಿಯಿಂದಲೇ ಬಂದವು, ತಾಲ್ಲೂಕು ಕಚೇರಿಯೊಳಗೆ ಕಾಲಿಟ್ಟರೆ ಅರ್ಧ ಮಾತು ಅವರದೇ. ಅಮೆರಿಕದಲ್ಲಿ ಅವರಿಗೆ ತಮ್ಮ ದೇಶದ ರಾಯಭಾರ ಕಚೇರಿಯೂ ಇಲ್ಲದ್ದರಿಂದ ಈ ಪತ್ರಕ್ಕೆ ವಾಷಿಂಗ್ಟನ್ನಿನ ಪಾಕಿಸ್ತಾನ ರಾಯಭಾರ ಕಚೇರಿಯ ಆಸರೆಯಲ್ಲಿರುವ ಇರಾನಿ ವಿಭಾಗಕ್ಕೆ ಬರೆಯಬೇಕು. ನಮಗೆ ಎರಡು ದಾರಿಗಳಿವೆ: ಭಾರತದ ಕಾನ್ಸುಲೇಟಿನಲ್ಲಿ ದೃಢೀಕರಣ, ಇಲ್ಲವೇ ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿ ಅಪೊಸ್ಟೀಲ್ (ಬೇರೆ ದೇಶದಲ್ಲಿ ನಡೆಯುವಂತೆ ಅಲ್ಲಿನ ಸರ್ಕಾರ ಹಾಕುವ ದೃಢೀಕರಣ) ಮಾಡಿಸುವುದು.

ಎಡವಟ್ಟಾಗುವುದು ಪತ್ರ ಇಲ್ಲಿಗೆ ಬಂದ ಮೇಲೆ. ಹೊರದೇಶದಲ್ಲಿ ಬರೆದ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಹಾಸನದವರು ಹಾಸನದ, ಚಿಕ್ಕಮಗಳೂರಿನವರು ಚಿಕ್ಕಮಗಳೂರಿನ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೊರಿಯರ್ ಬಂದ ಲಕೋಟೆಯನ್ನು ಎಸೆಯಬೇಡಿ, ತಲುಪಿದ ದಿನಕ್ಕೆ ಅದೇ ಸಾಕ್ಷಿ. ಬೀರುವಿನಲ್ಲಿಟ್ಟು ಆರು ತಿಂಗಳ ಮೇಲೆ ತೆಗೆದರೆ ದಂಡ, ಇಲ್ಲವೇ ಹೊಸ ಪತ್ರ.

ಪತ್ರದಲ್ಲಿ ಕೆಲಸವನ್ನು ಬಿಡಿಸಿ ಬರೆಯಿಸಿ: ಇಂಥ ಗ್ರಾಮ, ಇಂಥ ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ, ಇಂಥದೇ ಕೆಲಸ. ಸಾಮಾನ್ಯ ಅಧಿಕಾರ ಪತ್ರ, ಅಂದರೆ ಜಿಪಿಎ ಕೊಟ್ಟುಬಿಡುವುದು ಸುಲಭ ಎನಿಸುತ್ತದೆ, ಆದರೆ ಅಣ್ಣತಮ್ಮಂದಿರ ಮಾತು ನಿಲ್ಲುವುದು ಹೆಚ್ಚಾಗಿ ಅದರಿಂದಲೇ. ಜಿಪಿಎ ಮೇಲೆ ಮಾರಿದ್ದೇ ಕ್ರಯವಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕ್ರಯಪತ್ರ ನೋಂದಣಿ ಆಗಲೇಬೇಕು. ಇನ್ನೊಂದು ಮಾತು: ಅಪ್ಪ ಮಗಳಿಗೆ ಕೊಟ್ಟ ಅಧಿಕಾರ ಪತ್ರ ಅಪ್ಪ ತೀರಿಕೊಂಡ ಗಳಿಗೆಗೆ ಸತ್ತುಹೋಗುತ್ತದೆ. ಅಪ್ಪನಿಗೆ ಮರೆವಿನ ಕಾಯಿಲೆ ಬಂದು ಬುದ್ಧಿ ನಿಲ್ಲದಾದರೂ ಅದು ನಡೆಯುವುದಿಲ್ಲ, ಆಗ ಪಾಲಕರನ್ನು ನೇಮಿಸಿಕೊಳ್ಳಲು ಹೈಕೋರ್ಟಿಗೆ ಹೋಗಬೇಕಾದೀತು. ಆದ್ದರಿಂದ ಬ್ಯಾಂಕಿನ ಉಳಿತಾಯ ಖಾತೆಯನ್ನು ಅಪ್ಪ ಅಮ್ಮ ಇಬ್ಬರ ಹೆಸರಿಗೆ, ಇಬ್ಬರಲ್ಲಿ ಯಾರಾದರೂ ನಡೆಸುವ ಹಾಗೆ, ಬುದ್ಧಿ ನೆಟ್ಟಗಿರುವಾಗಲೇ ಮಾಡಿಸಿ. ನಾಮಿನಿ ಎಂದರೆ ಹಣ ತೆಗೆದುಕೊಂಡು ವಾರಸುದಾರರಿಗೆ ಹಂಚಬೇಕಾದವರು, ಒಡೆಯರಲ್ಲ.

ದುಡ್ಡಿನದು ಸರಳ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರ ಹಳೆಯ ಉಳಿತಾಯ ಖಾತೆ ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಬೇಕು. ಅಪ್ಪ ಅಮ್ಮನಿಗೆ ಕಳಿಸುವುದು ನೇರ ಅವರ ಖಾತೆಗೇ ಹೋಗಲಿ, ಮಕ್ಕಳು ಹೆತ್ತವರಿಗೆ ಕೊಟ್ಟ ಹಣಕ್ಕೆ ಪಡೆದವರ ಕೈಯಲ್ಲಿ ಆದಾಯ ತೆರಿಗೆ ಇಲ್ಲ. ಇರಾನಿನ ಬ್ಯಾಂಕುಗಳಿಗೆ 2012ರಲ್ಲೂ ಮತ್ತೆ 2018ರಲ್ಲೂ ಜಗತ್ತಿನ ಹಣ ರವಾನೆಯ ಜಾಲದ ಬಾಗಿಲು ಮುಚ್ಚಿತು. ಅವರು ಸರ್ರಾಫರ, ಅಂದರೆ ಹಣ ಬದಲಿಸುವ ವ್ಯಾಪಾರಿಗಳ ಮೂಲಕ ಕಳಿಸುವುದು ಬೇರೆ ದಾರಿ ಇಲ್ಲದೆ. ನಮಗೆ ಬ್ಯಾಂಕಿನ ದಾರಿ ಹಗಲಿರುಳು ತೆರೆದಿದೆ. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಹವಾಲಾ ಕಡೆ ತಿರುಗಿದರೆ ಫೆಮಾ ಉಲ್ಲಂಘನೆ.

ಅಪ್ಪ ಅಮ್ಮ ಅಲ್ಲಿಗೆ ಹೋದಾಗ

ಹೆಚ್ಚಿನವರು ಮೊದಲ ಸಲ ಹೋಗುವುದು ಬಾಣಂತನಕ್ಕೆ. ಅಮೆರಿಕದ ಪ್ರವಾಸಿ ವೀಸಾ ಹತ್ತು ವರ್ಷದ್ದಿದ್ದರೂ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳೇ. ಇಳಿದಾಗ ಐ-94 ದಾಖಲೆಯಲ್ಲಿ ಬಿದ್ದ ತಾರೀಕೇ ಕೊನೆ. ಬ್ರಿಟನ್ನಿನದೂ ಆರು ತಿಂಗಳು. ಕೆನಡಾದ ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು. ಗ್ರೀನ್ ಕಾರ್ಡ್ ಮಾಡಿಸಿ ಹೆತ್ತವರನ್ನು ಅಲ್ಲೇ ಇಟ್ಟುಕೊಳ್ಳುವ ಯೋಚನೆ ಇದ್ದರೆ ಎರಡು ಲೆಕ್ಕ ಹಾಕಿ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಿಗಲು 65 ವಯಸ್ಸಿನ ಜೊತೆಗೆ ಐದು ವರ್ಷ ಬಿಡದೆ ಅಲ್ಲಿ ವಾಸ ಮಾಡಿರಬೇಕು. ತೋಟ ನೋಡಲು ಬಂದವರು ಒಂದು ವರ್ಷ ಮೀರಿ ಇಲ್ಲೇ ಉಳಿದರೆ, ಮೊದಲೇ ಮರುಪ್ರವೇಶದ ಪರವಾನಗಿ ತೆಗೆದಿರದಿದ್ದರೆ, ಕಾರ್ಡಿಗೇ ಸಂಚಕಾರ.

ಔಷಧ ಮೂರು ತಿಂಗಳಿಗೆ ಸಾಕಾಗುವಷ್ಟು, ಸ್ಟ್ರಿಪ್ಪಿನಿಂದ ಬಿಡಿಸದೆ, ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲಿ. ಹುರಿದು ಪುಡಿ ಮಾಡಿದ ಕಾಫಿ ಒಯ್ಯಬಹುದು. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಎಣ್ಣೆಯ ಕಾರಣಕ್ಕೆ ತೆಗೆಸುತ್ತಾರೆ. ಅರಸೀಕೆರೆ ಕಡೆಯವರು ಕೊಬ್ಬರಿ ಕಟ್ಟಿಕೊಡುವ ಆಸೆ ಬಿಡಬೇಕು. ಎಣ್ಣೆ ಅಂಶ ಹೆಚ್ಚಿರುವ ಒಣ ಕೊಬ್ಬರಿ ವಿಮಾನದಲ್ಲಿ ಬೆಂಕಿ ಹತ್ತುವ ವಸ್ತುವಿನ ಲೆಕ್ಕ.

ಅಲ್ಲಿ ಅಮ್ಮಂದಿರಿಗೆ ಮಗು, ಅಡಿಗೆಮನೆ ಇರುತ್ತದೆ. ಕಷ್ಟ ಅಪ್ಪಂದಿರದು. ದಿನಾ ಬೆಳಿಗ್ಗೆ ಕತ್ತಿ ಹಿಡಿದು ತೋಟ ಸುತ್ತಿ, ಹತ್ತು ಜನರಿಗೆ ಕೆಲಸ ಹೇಳಿ ಅಭ್ಯಾಸವಿದ್ದವರು ಕಾರಿಲ್ಲದೆ ಎಲ್ಲೂ ಹೋಗಲಾಗದ ಬೀದಿಯಲ್ಲಿ ಕಿಟಕಿ ನೋಡುತ್ತಾ ಕೂರುತ್ತಾರೆ. ಮಗ ಪಾತ್ರೆ ತೊಳೆಯುವುದು, ಸೊಸೆ ಕಾರು ತೆಗೆದು ಕೆಲಸಕ್ಕೆ ಹೋಗುವುದು, ಏನು ಹೇಳಬೇಕಾದರೂ ಮೊಮ್ಮಗಳು ಇಂಗ್ಲಿಷಿಗೆ ಅನುವಾದ ಮಾಡಬೇಕಾಗಿರುವುದು, ಇವೆಲ್ಲ ಒಳಗೊಳಗೇ ಕುಟುಕುತ್ತವೆ. ತಮ್ಮ ದೇಶದಲ್ಲಿ ಎಂಜಿನಿಯರೋ ಅಧಿಕಾರಿಯೋ ಆಗಿದ್ದು, ವಲಸೆ ಹೋದ ಮೇಲೆ ಟ್ಯಾಕ್ಸಿ ಓಡಿಸಿದ, ಅಂಗಡಿ ಇಟ್ಟ ಇರಾನಿ ಗಂಡಸರ ಮನೆಗಳಲ್ಲಿ ಜಗಳಕ್ಕೆ ಮೂಲ ಬಡತನಕ್ಕಿಂತ ಹೆಚ್ಚಾಗಿ ಈ ಸ್ಥಾನ ಹೋದ ನೋವು.

ಮೊದಲ ವಾರ ಮಗ ರಜೆ ಹಾಕಿ ಅಪ್ಪನ ಜೊತೆ ನಡೆದೇ ಮೂರು ದಾರಿ ತೋರಿಸಲಿ: ಪಾರ್ಕು, ಗ್ರಂಥಾಲಯ, ಅಂಗಡಿ. ಜೇಬಿನಲ್ಲಿ ವಿಳಾಸದ ಚೀಟಿ, ಮನೆಯ ಕೀಲಿಕೈ ಅವರದೇ ಒಂದು. ಮನೆಯಲ್ಲಿ ಅವರದೇ ಒಂದು ಕೆಲಸ, ಹಿತ್ತಿಲ ಗಿಡವೋ, ಮೊಮ್ಮಗುವನ್ನು ಶಾಲೆಯಿಂದ ಕರೆತರುವುದೋ, ಯಾರೂ ಮಧ್ಯೆ ಕೈಹಾಕದ ಹಾಗೆ. ಊರಿನಲ್ಲಿ ತೋಟದ ಕೆಲಸ ನೋಡುವ ರೈಟರ ಜೊತೆ ದಿನಾ ಹತ್ತು ನಿಮಿಷ ಮಾತಾಡಲು ಬಿಡಿ. “ಅದೆಲ್ಲ ಬಿಡಿ ಅಪ್ಪ, ಆರಾಮಾಗಿರಿ” ಎನ್ನಬೇಡಿ. ಆರು ತಿಂಗಳಿಗೆ ಬದಲು ಮೂರು ತಿಂಗಳಿಗೆ ಟಿಕೆಟ್ ಮಾಡಿಸುವುದೇ ಎಷ್ಟೋ ಮನೆಗೆ ಒಳ್ಳೆಯದು.

ಎರಡು ದೇಶದ ಕಾಗದ ಒಂದೇ ಮಾತು ಹೇಳಬೇಕು

ಅಮೆರಿಕದಲ್ಲಿ ವಿಚ್ಛೇದನ ಪಡೆದ ಇರಾನಿ ಹೆಂಗಸು ಅದನ್ನು ಇರಾನಿನ ಕಾನೂನಿನಂತೆ ದಾಖಲಿಸದಿದ್ದರೆ ಅಲ್ಲಿನ ಲೆಕ್ಕದಲ್ಲಿ ಇನ್ನೂ ಹೆಂಡತಿಯೇ, ಪಾಸ್‌ಪೋರ್ಟಿಗೂ ಗಂಡನ ಒಪ್ಪಿಗೆ ಬೇಕು. ನಮ್ಮಲ್ಲೂ ಹೊರದೇಶದ ಕೋರ್ಟಿನ ವಿಚ್ಛೇದನ ಹಾಗೇ ನಿಲ್ಲುವುದಿಲ್ಲ. 1991ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಇಲ್ಲಿನ ವಿವಾಹ ಕಾನೂನಿನಲ್ಲಿರುವ ಕಾರಣಕ್ಕೇ ಅದು ಆಗಿರಬೇಕು, ಎದುರಿನವರು ಆ ಕೋರ್ಟಿಗೆ ಮನಸಾರೆ ಒಪ್ಪಿ ಹಾಜರಾಗಿರಬೇಕು. ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಯೇ ಹುಡುಗಿಯನ್ನು ವಿಮಾನ ಹತ್ತಿಸಿ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಚೇರಿಯಲ್ಲಿ ಜನನ ನೋಂದಣಿಯಾಗಬೇಕು. ಬೇರೆ ದೇಶದ ಪಾಸ್‌ಪೋರ್ಟ್ ತೆಗೆದುಕೊಂಡರೆ ಒಸಿಐ ಮಾಡಿಸಿಡಿ, ಯಾಕೆ ಎನ್ನುವುದು ಮುಂದಿನ ಮಾತಿನಲ್ಲಿ ಬರುತ್ತದೆ.

ಸಾವಿನ ಸುದ್ದಿ ಬಂದಾಗ

ಈ ಮಾತನ್ನು ಯಾರೂ ಮುಂಚೆ ಆಡುವುದಿಲ್ಲ. ಆಡಿಟ್ಟುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟವರು ಮೂಡಿಗೆರೆ ಮುಟ್ಟಲು ಟಿಕೆಟ್ ಸಿಕ್ಕ ಮೇಲೂ ಒಂದೂವರೆ ದಿನ ಬೇಕು. ಕಾಯಬೇಕೇ, ಯಾರಿಗಾಗಿ, ಎಷ್ಟು ಹೊತ್ತು ಎಂಬುದನ್ನು ಅಪ್ಪ ಅಮ್ಮನೇ ಹೇಳಿಟ್ಟರೆ ಆ ದಿನ ಅಂಗಳದಲ್ಲಿ ವಾದ ಆಗುವುದಿಲ್ಲ. ಕಾಯುವುದಾದರೆ ಫ್ರೀಜರ್ ಬಾಕ್ಸ್ ಎಲ್ಲಿ ಸಿಗುತ್ತದೆ ಎಂದು ತಿಳಿದಿರಲಿ. ಅದಕ್ಕೆ ಬಿಡದೆ ಕರೆಂಟ್ ಬೇಕು, ಮಳೆಗಾಲದಲ್ಲಿ ಜನರೇಟರ್ ಇಲ್ಲದೆ ತರಿಸಬೇಡಿ.

ಒಸಿಐ ಇಲ್ಲದ ಸೊಸೆಗೋ ಮೊಮ್ಮಗುವಿಗೋ ಇ-ವೀಸಾ ಕೈಗೆ ಬರಲು ಮೂರು ದಿನವಾದರೂ ಹಿಡಿಯಬಹುದು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿರುವವರು ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ನೋಡಿಕೊಳ್ಳಬೇಕು. ಮುಗಿದಿದ್ದರೆ ಬರಲು ತೊಂದರೆಯಿಲ್ಲ, ವಾಪಸು ಹೋಗಲು ಮತ್ತೆ ಸಂದರ್ಶನ. ಒಂದೇ ಸಲ ಒಳಹೋಗುವ ವೀಸಾದ ಮೇಲೆ ಓದಲು ಹೋದ ಇರಾನಿ ಮಕ್ಕಳು ಇದೇ ಭಯಕ್ಕೆ ವರ್ಷಗಟ್ಟಲೆ ಮನೆಗೆ ಬರದೆ ಉಳಿದಿದ್ದಾರೆ. ಇರಾನಿಗಳಲ್ಲಿ ಮೂರನೆಯ, ಏಳನೆಯ, ನಲವತ್ತನೆಯ ದಿನಕ್ಕೆ ಸ್ಮರಣೆ ಇದೆ. ಮಣ್ಣಿಗೆ ಬರಲಾಗದವರು ತಾವಿರುವ ಊರಿನಲ್ಲೇ ಅದನ್ನು ಮಾಡುತ್ತಾರೆ. ನಮ್ಮಲ್ಲೂ ಬರಲಾಗದ ಮಗನಿಗೆ ಹನ್ನೊಂದನೆಯ ದಿನದ ತಿಥಿಯಲ್ಲಿ ಅಲ್ಲಿಂದಲೇ ಒಂದು ಪಾಲು ಕೊಡಿ. “ನೀನು ಬರಲಿಲ್ಲ” ಎಂಬ ಮಾತನ್ನು ನೆಂಟರು ಆಡದಂತೆ ಮನೆಯ ಹಿರಿಯರು ನೋಡಿಕೊಳ್ಳಬೇಕು.

ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹತ್ತು ಪ್ರತಿ ತೆಗೆಯಿರಿ. ಬ್ಯಾಂಕು, ವಿಮೆ, ಪಿಂಚಣಿ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಎಲ್ಲ ಕಡೆಯೂ ಕೇಳುತ್ತಾರೆ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಹೊರದೇಶದಲ್ಲಿರುವ ಮಗನ, ಮಗಳ ಹೆಸರನ್ನು “ಅವರು ಇಲ್ಲಿಲ್ಲವಲ್ಲ” ಎಂದು ಬಿಡಬೇಡಿ. ಬಿಟ್ಟರೆ ಮುಂದೆ ಇಡೀ ಖಾತೆಯೇ ತಕರಾರಿಗೆ ಬೀಳುತ್ತದೆ. ಮಕ್ಕಳು ಊರಲ್ಲಿರುವ ಆ ಎರಡು ವಾರದಲ್ಲೇ ಎಲ್ಲರ ಸಹಿ, ಆಧಾರ್ ಅಥವಾ ಪಾಸ್‌ಪೋರ್ಟಿನ ಪ್ರತಿ ತೆಗೆದುಕೊಂಡು ಪೌತಿ ಖಾತೆಗೆ ಅರ್ಜಿ ಕೊಡಿ. ಸ್ವೀಕೃತಿಯ ನಂಬರನ್ನು ಮೊದಲ ದಿನ ಬರೆದ ಆ ಹಾಳೆಯ ಹಿಂದೆ ಬರೆದಿಟ್ಟು, ಅದರ ಫೋಟೊವನ್ನು ಎಲ್ಲರಿಗೂ ವಾಟ್ಸಾಪ್ ಮಾಡಿ.